ಲೋಟದ ಕೆಳಗೊಂದು ಬಟ್ಟೆ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಸಿದ್ದರಾಮಣ್ಣ ಕಾಫಿಗೆ ಬಂದಿದ್ದರು. ಕಾಫಿಗೆ ಅನ್ನುವುದು ಮರ್ಯಾದೆಯ ಮಾತು. ನನ್ನ ಹೆಂಡತಿ ಊರಿನಲ್ಲಿಲ್ಲದ ಮೇಲೆ ನಾನು ಮಾಡುವ ಕಾಫಿ ಎಷ್ಟು ಕೆಟ್ಟಿರುತ್ತದೆ ಎಂದು ನೋಡಿಕೊಂಡು ಹೋಗಿ ತಮ್ಮ ಮನೆಯವರಿಗೆ ವರದಿ ಒಪ್ಪಿಸುವುದು ಅವರ ನಿತ್ಯದ ಕೆಲಸ. ನಾನು ಟೀಪಾಯಿಯ ಮೇಲೆ ಅಂಗೈ ಅಗಲದ ಚೌಕ ಬಟ್ಟೆಯೊಂದನ್ನು ಹಾಸಿ ಅದರ ಮೇಲೆ ಲೋಟ ಇಟ್ಟೆ. ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಒಂದು ತೆಂಗಿನ ಮರ. ಸಿದ್ದರಾಮಣ್ಣ ಲೋಟ ಎತ್ತಿದರು, ಬಟ್ಟೆ ತೆಗೆದುಕೊಂಡರು, ಹಿಂದೆ ಮುಂದೆ ತಿರುಗಿಸಿ ನೋಡಿದರು, ಲೋಟವನ್ನು ಬರಿ ಟೀಪಾಯಿಯ ಮೇಲಿಟ್ಟು ಅದರ ಬಾಯಿಗೆ ಬಟ್ಟೆಯನ್ನು ನೀಟಾಗಿ ಮುಚ್ಚಿದರು.

“ನೊಣ ಕೂತ್ಕಂತಾವೆ ಕಣಪ್ಪ. ಸ್ವಲ್ಪ ಆರ್ಲಿ, ಆಮೇಲೆ ಕುಡಿಯಾನ.”

“ಅದು ಮೇಲೆ ಮುಚ್ಚೋದಲ್ಲ ಸಿದ್ದರಾಮಣ್ಣ, ಕೆಳಗೆ ಹಾಸೋದು. ಕೋಸ್ಟರ್ ಅಂತಾರೆ.”

“ಲೋಟಕ್ಕೆ ಹಾಸ್ಗೆಯಾ? ನಿನ್ನ ಹಾಸ್ಗೆ ಕೊಡವಿ ಎಷ್ಟು ದಿನ ಆಯ್ತೋ ಕಾಣೆ, ಲೋಟಕ್ಕೆ ಹಾಸ್ಗೆ ಹೊಲೀತಾ ಕೂತಿದೀಯ!” ಎಂದು ನಕ್ಕರು. ಆಮೇಲೆ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು, “ಮರ ಚೆನ್ನಾಗೈತೆ. ಕಾಯಿ ಕಮ್ಮಿ ಆಯ್ತು. ಬುಡಕ್ಕೆ ಗೊಬ್ಬರ ಹಾಕು,” ಅಂದರು.

ಅವರನ್ನು ನೋಡಿ ನಾನು ನಗುವ ಹಾಗಿಲ್ಲ. ನಮ್ಮ ಕಡೆ ಬಟ್ಟೆ ಇದ್ದದ್ದೇ ಮೇಲೆ ಮುಚ್ಚುವುದಕ್ಕೆ. ನಾನು ಹುಡುಗನಾಗಿದ್ದಾಗ ಕಂದಿಕೆರೆಯ ನಮ್ಮ ಮನೆಯಲ್ಲಿ ಅಮ್ಮ ಕ್ರೋಶಾ ಹಾಕುತ್ತಿದ್ದಳು. ಹಾಲಿನ ಲೋಟಕ್ಕೊಂದು ಮುಚ್ಚಳ, ಗಾಳಿಗೆ ಹಾರದಿರಲಿ ಎಂದು ಅದರ ಅಂಚಿಗೆ ಬಣ್ಣದ ಮಣಿಗಳು. ನೀರಿನ ಹೂಜಿಗೊಂದು, ಹಾರ್ಮೋನಿಯಂ ಪೆಟ್ಟಿಗೊಂದು. ರೇಡಿಯೋಗಂತೂ ಮೈತುಂಬ ಲಂಗ. ವಾರ್ತೆಯ ಹೊತ್ತಿಗೆ ಅಪ್ಪ ಆ ಬಟ್ಟೆಯನ್ನು ಎತ್ತಿ ಮಡಚಿಟ್ಟು, ವಾರ್ತೆ ಮುಗಿದ ಕೂಡಲೇ ಮತ್ತೆ ಇಳಿಬಿಡುತ್ತಿದ್ದರು. ಬೆಲೆ ಇರುವುದನ್ನೆಲ್ಲ ಮುಚ್ಚಿಡಬೇಕು ಅನ್ನುವುದು ಆ ಮನೆಯ ಕಾನೂನು. ಅದು ನಮ್ಮ ಬಾಯಿಗೂ ಅನ್ವಯಿಸುತ್ತಿತ್ತು ಅನ್ನುವುದು ನನಗೆ ಹೊಳೆದದ್ದು ಈಚೆಗೆ.

ಕೆಳಗೆ ಹಾಸುವ ಮಾತೇ ಇರಲಿಲ್ಲ. ಅಪ್ಪ ಗೋಡೆಗೊರಗಿ ಕೂತು ಕಾಫಿ ಕುಡಿಯುವ ಜಾಗದಲ್ಲಿ ಕೆಂಪು ಗಾರೆಯ ಮೇಲೆ ಲೋಟದ ಗುರುತು ಬಳೆ ಬಳೆಯಾಗಿ ಬಿದ್ದಿರುತ್ತಿತ್ತು. ಅದು ಆರುವ ಮುಂಚೆ ನಾನೂ ತಮ್ಮನೂ ಬೆರಳಿನಿಂದ ಒಂದು ಬಳೆಯನ್ನು ಇನ್ನೊಂದಕ್ಕೆ ಸೇರಿಸಿ ಸರಪಳಿ ಮಾಡುತ್ತಿದ್ದೆವು. ಅಮ್ಮ ಒದ್ದೆ ಬಟ್ಟೆ ತಂದು ನಮ್ಮ ಸರಪಳಿಯನ್ನೂ ನಮ್ಮ ಕೈಯನ್ನೂ ಒಟ್ಟಿಗೆ ಒರೆಸುತ್ತಿದ್ದಳು. ಕೆಳಗೆ ಏನಾದರೂ ಇಡಬೇಕಾದ್ದು ಗಡಿಗೆಗೆ ಮಾತ್ರ. ಅದಕ್ಕೆ ಸಿಂಬೆ ಇತ್ತು, ತೆಂಗಿನ ನಾರನ್ನು ಹಳೆ ಸೀರೆಯ ಚೂರಿನಿಂದ ಸುತ್ತಿ ಮಾಡಿದ ದಪ್ಪ ಉಂಗುರ. ಮೊಸರಿನ ಗಡಿಗೆಯ ಸಿಂಬೆಯನ್ನು ನಾನೊಮ್ಮೆ ಕಿರೀಟವೆಂದು ತಲೆಗೆ ಹಾಕಿಕೊಂಡು ರಾಜನಾಗಿದ್ದೆ. ಅತ್ತ ಗಡಿಗೆ ಉರುಳಿತು, ಇತ್ತ ರಾಜನಿಗೆ ಬೆನ್ನ ಮೇಲೆ ಬಿತ್ತು.

ಇನ್ನು ಬಂದವರಿಗೆ ನಾವು ಕೊಡುತ್ತಿದ್ದದ್ದಾದರೂ ಏನು? ಎಳನೀರು. ಅದನ್ನು ಕೈಗೆ ಕೊಟ್ಟರೆ ಕುಡಿದು ಮುಗಿಸುವ ತನಕ ಕೆಳಗಿಡುವ ಹಾಗೇ ಇಲ್ಲ, ಉರುಳಿಹೋಗುತ್ತದೆ. ಮಾತಾಡಬೇಕೆಂದರೆ ಮೊದಲು ಕುಡಿಯಬೇಕು. ಇಂಥ ಸೀಮೆಯಲ್ಲಿ ಹುಟ್ಟಿ, ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನಾನು ಈಗ ಮನೆಯಲ್ಲಿ ಕೂತು ಲೋಟಕ್ಕೆ ಹಾಸಿಗೆ ಹೊಲಿಯುತ್ತಿದ್ದೇನೆ ಎಂದರೆ ಅದಕ್ಕೆ ಇವಳೇ ಕಾರಣ.

ಇವಳು ಅಂದರೆ ನನ್ನ ಹೆಂಡತಿ. ಹೆಸರು ಹಿಡಿದು ಕರೆದ ಅಭ್ಯಾಸ ನನಗಿಲ್ಲ. ಬರೆಯುವುದಕ್ಕೂ ಕೈ ಬರುತ್ತಿಲ್ಲ, ನೀವು ಸುಧಾರಿಸಿಕೊಳ್ಳಬೇಕು. ಇವಳು ಮದುವೆಯಾಗಿ ಬಂದಾಗಿನಿಂದ ಬೀದಿಯವರ ರವಿಕೆಗಳನ್ನೆಲ್ಲ ಹೊಲಿದವಳು. ಮಗಳು ಸುಮಾಳ ಮದುವೆ ಆದ ಮೇಲೆ, ಇನ್ನು ಕೈಗೆ ವಿಶ್ರಾಂತಿ ಎಂದು ನಾನು ಅಂದುಕೊಂಡಿದ್ದಾಗ, ತಾನೇ ಕೂಡಿಟ್ಟ ದುಡ್ಡಿನಲ್ಲಿ ಒಂದು ಕಂಪ್ಯೂಟರ್ ಕಸೂತಿ ಮಿಷನ್ ತರಿಸಿದಳು. ಪರದೆಯ ಮೇಲೆ ಚಿತ್ರ ಆರಿಸಿ ಗುಂಡಿ ಒತ್ತಿದರೆ ಸೂಜಿ ತಾನೇ ಓಡಾಡಿ ಹೂವು, ನವಿಲು, ಬಳ್ಳಿ ಎಲ್ಲ ಹೊಲಿಯುತ್ತದೆ. “ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು?” ಎಂದೆ. ಇವಳು ದಾರ ಪೋಣಿಸಿದಳು.

ನನಗೆ ಆ ಮಿಷನ್ನಿನ ಸದ್ದು ಆಗುತ್ತಿರಲಿಲ್ಲ. ಮಂಡಿಯಲ್ಲಿ ಜೀವನವಿಡೀ ನಾನು ಕಿವಿಯಿಂದಲೇ ಅನ್ನ ತಿಂದವನು. ಅಟ್ಟದ ಮೇಲೆ ವರ್ಷವೊಪ್ಪತ್ತು ಕೂತ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗೆ ನೀರು ಇಂಗಿದೆಯೋ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿದೆಯೋ ಹೇಳಿಬಿಡುತ್ತಿದ್ದೆ. ಅಂಥ ಕಿವಿಗೆ ಇದೊಂದು ಟರಟರ. ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದೆ. ಇವಳು ಮಿಷನ್ನಿನ ವೇಗ ಜಾಸ್ತಿ ಮಾಡುತ್ತಿದ್ದಳು. ಹೀಗೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಿದ್ದರೂ ಗಲಾಟೆಗೆ ಕೊರತೆ ಇರಲಿಲ್ಲ.

ಸುಮಾ ದಾವಣಗೆರೆಯಲ್ಲಿ ಸ್ಕೂಲ್ ಟೀಚರ್. ಎರಡನೇ ಹೆರಿಗೆಗೆ ಅವಳು ನಮ್ಮಲ್ಲಿಗೆ ಬರಬೇಕಾಗಿತ್ತು. ಆದರೆ ದೊಡ್ಡ ಮಗನ ಸ್ಕೂಲ್ ತಪ್ಪುತ್ತದೆ ಅಂದಳು. ಮಗಳು ತವರಿಗೆ ಬರಲಾಗದಿದ್ದಾಗ ತವರೇ ರೈಲು ಹತ್ತಿತು. ಇವಳು ಬಾಣಂತಿ ಖಾರ, ಬೆಳ್ಳುಳ್ಳಿ, ಅಟ್ಟದಿಂದ ಆರಿಸಿದ ಕೊಬ್ಬರಿ, ಮಗುವಿಗೆ ಸುತ್ತಲು ಮೆತ್ತಗಿನ ಹಳೆ ಸೀರೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೊರಟಳು. ಸ್ಟೇಷನ್ನಿನಲ್ಲಿ ನನಗೆ ಹೇಳಿದ ಕೊನೆಯ ಮಾತು, “ಮಿಷನ್ ಮೇಲೆ ಧೂಳು ಕೂರಕ್ಕೆ ಬಿಡಬೇಡಿ, ಬಟ್ಟೆ ಮುಚ್ಚಿರಿ.” ನನ್ನ ಮೇಲೆ ಕೂರುವ ಧೂಳಿನ ವಿಷಯ ಬರಲಿಲ್ಲ.

ಹೊರಡುವ ಮುಂಚೆ ಇವಳು ಒಂದು ಕೆಲಸ ಒಪ್ಪಿಕೊಂಡಿದ್ದಳು. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದವರೊಬ್ಬರು ಗೃಹಪ್ರವೇಶಕ್ಕೆ ಬಂದವರಿಗೆ ತಾಂಬೂಲದ ಜೊತೆ ಕೊಡಲು ಕೋಸ್ಟರ್ ಬೇಕೆಂದರು. ತೆಂಗಿನ ಮರದ ಚಿತ್ರ ಇರಬೇಕು ಅಂದರು. ಮಿಷನ್ನಿನೊಳಗೆ ತೆಂಗಿನ ಮರ ಇತ್ತು, ಸಮುದ್ರದ ದಂಡೆಯಲ್ಲಿ ಸೊಂಟ ಬಳುಕಿಸಿ ನಿಂತಂಥದ್ದು. ಮಾದರಿ ನೋಡಲು ಬಂದ ಆ ಮನೆಯಾಕೆಯ ಮುಖ ಸಣ್ಣಗಾಯಿತು. “ಇದ್ರಲ್ಲಿ ಗೊನೇನೇ ಇಲ್ವಲ್ಲ ಅಕ್ಕ. ಹೊಸ ಮನೇಲಿ ಕಾಯಿ ಬಿಡದ ಮರ ಕೊಟ್ರೆ ಬಂದೋರು ಏನಂದ್ಕಂತಾರೆ?” ಇವಳಿಗೂ ಹೌದೆನ್ನಿಸಿತು. ಬೇರೆ ಊರಿನವರಾಗಿದ್ದರೆ ಮರ ನೋಡಿ ಸುಮ್ಮನಾಗುತ್ತಿದ್ದರು. ನಮ್ಮವರು ಕಾಯಿ ಎಣಿಸದೆ ಮರ ನೋಡುವುದಿಲ್ಲ. ಕಡೆಗೆ ಮರವನ್ನು ಮಿಷನ್ ಹೊಲಿಯುವುದು, ಗೊನೆಯನ್ನು ಇವಳು ಕಂದು ದಾರದಲ್ಲಿ ಗಂಟು ಹಾಕಿ ಹಾಕಿ ಕೈಯಲ್ಲಿ ಮೂಡಿಸುವುದು ಎಂದಾಯಿತು.

ಅರ್ಧ ಮುಗಿದಿತ್ತು. ಬಂದು ಉಳಿದದ್ದು ಮುಗಿಸುತ್ತೇನೆ ಎಂದು ಬಟ್ಟೆಗಳನ್ನು ಕತ್ತರಿಸಿ ಜೋಡಿಸಿಟ್ಟು ಹೋಗಿದ್ದಳು. ಅತ್ತ ಹೆರಿಗೆ ಸುಸೂತ್ರವಾಗಿ ಆಯಿತು, ಇತ್ತ ಆ ಮನೆಯವರು ಇವಳು ವಾಪಸ್ಸು ಬರುವುದಕ್ಕೂ ಮುಂಚೆಯೇ ಮುಹೂರ್ತ ಇಟ್ಟುಕೊಂಡರು. ನಾನು ಫೋನ್ ಮಾಡಿ ಹೇಳಿದೆ.

“ನೀವೇ ಮಾಡಿಬುಡಿ,” ಅಂದಳು.

“ನಾನಾ?”

“ಹೊಲಿಯೋದು ಮಿಷನ್ನು. ನೀವು ಬಟ್ಟೆ ಇಡೋದು, ತೆಗೆಯೋದು. ನಾನು ಫೋನಲ್ಲಿ ಹೇಳ್ತೀನಿ. ಒಪ್ಕಂಡ ಮೇಲೆ ಇಲ್ಲ ಅನ್ನಕ್ಕಾಗ್ತದಾ?”

ಅಲ್ಲಿಯ ತನಕ ನಮ್ಮ ಫೋನು ಹೇಗಿತ್ತೆಂದರೆ, “ಊಟ ಆಯ್ತಾ?” “ಆಯ್ತು.” “ನೀರು ಬಂತಾ?” “ಬಂತು.” “ಇಡ್ಲಾ?” “ಇಡು.” ಅಷ್ಟೆ. ಎದುರಿಗಿದ್ದಾಗ ಇಷ್ಟು ಮಾತೂ ಇರುತ್ತಿರಲಿಲ್ಲವಾದ್ದರಿಂದ ಇದನ್ನೇ ನಾನು ಪ್ರಗತಿ ಎಂದುಕೊಂಡಿದ್ದೆ.

ಮಾರನೆ ದಿನದಿಂದ ಫೋನನ್ನು ಸ್ಪೀಕರಿಗೆ ಹಾಕಿ ದಾರದ ಡಬ್ಬಕ್ಕೆ ಒರಗಿಸಿಟ್ಟು ಪಾಠ ಶುರುವಾಯಿತು. ಚೌಕ ಫ್ರೇಮಿಗೆ ಬಟ್ಟೆಯಂಥ ಬಿಳಿ ಕಾಗದ ಬಿಗಿಯಬೇಕು. ಮಿಷನ್ ಅದರ ಮೇಲೆ ಮೊದಲು ಒಂದು ಚೌಕದ ಗೆರೆ ಹೊಲಿದು ಕೊಡುತ್ತದೆ. ಆ ಗೆರೆಯ ಮೇಲೆ ದಪ್ಪನೆಯ ಮೆತ್ತೆ ಬಟ್ಟೆ, ಅದರ ಮೇಲೆ ಒಳ್ಳೆ ಬಟ್ಟೆ. ಮತ್ತೆ ಒಂದು ಸುತ್ತು. ಆಮೇಲೆ ಮರ. ಮರ ಆದ ಮೇಲೆ ಕೈಯಲ್ಲಿ ಗೊನೆ. ಕಡೆಗೆ ಹಿಂಬದಿಯ ಬಟ್ಟೆ ಇಟ್ಟು ಸುತ್ತಲೂ ಹೊಲಿಗೆ. ಒಂದು ಕಡೆ ಬೆರಳು ಹೋಗುವಷ್ಟು ಬಾಯಿ ಬಿಟ್ಟಿರುತ್ತದೆ. ಆ ಬಾಯಿಯಿಂದ ಇಡೀ ಬಟ್ಟೆಯನ್ನು ಒಳಗಿನದು ಹೊರಗೆ ಬರುವಂತೆ ತಿರುಗಿಸಿ, ಬಾಯಿ ಹೊಲಿದರೆ ಕೋಸ್ಟರ್. ಹೇಳುವುದಕ್ಕೆ ಇಷ್ಟೇ.

“ಹಿಂದಿನ ಬಟ್ಟೇನ ಮಕಾಡೆ ಇಡಿ,” ಅಂದಳು ಇವಳು. ಒಳ್ಳೆ ಮುಖ ಕೆಳಗೆ ಮಾಡಿ ಇಡು ಎಂದು ಅರ್ಥ. ನನಗೆ ಚೆಂದವಾಗಿರುವುದು ಮೇಲಿರಲಿ ಎನ್ನಿಸಿ ಅಂಗಾತ ಇಟ್ಟೆ. ಹೊಲಿದು, ತಿರುಗಿಸಿ ನೋಡಿದರೆ ಎರಡೂ ಕಡೆ ಒಂದೊಂದು ಥರ.

“ಆಯ್ತಾ? ಮರ ಹೆಂಗೆ ಬಂದೈತೆ?”

“ಒಂದು ಕಡೆ ಮರ ಐತೆ. ಇನ್ನೊಂದು ಕಡೆ ಬಟ್ಟೆ ಉಲ್ಟಾ ಆಗಿ ದಾರ ಎಲ್ಲ ಆಚೆ ಬಂದವೆ.”

“ಮಕಾಡೆ ಅಂದ್ನಲ್ರೀ!”

“ಮಕ ಯಾವ್ದು ಅಂತ ಹೇಳ್ಲಿಲ್ವಲ್ಲ ನೀನು.”

ಆಗ ಇವಳು ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಕ್ಕದ್ದು ನನಗೆ ಫೋನಿನಲ್ಲೂ ಗೊತ್ತಾಯಿತು. “ಮಗು ಎದ್ಬುಡ್ತದೆ, ಇಡ್ರೀ ಫೋನು,” ಅಂದಳು. ಆದರೆ ತಾನೂ ಇಡಲಿಲ್ಲ. ಇವಳು ಹಾಗೆ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಮನೆಯಲ್ಲಿದ್ದಾಗ ನಾನು ಟೀವಿ ಸದ್ದು ಮಾಡುತ್ತಿದ್ದೆನಲ್ಲ, ನಡುವೆ ನಕ್ಕಿದ್ದರೂ ಕೇಳಿಸುತ್ತಿರಲಿಲ್ಲ.

ತಪ್ಪುಗಳಿಗೇನೂ ಬರ ಇರಲಿಲ್ಲ. ತಿರುಗಿಸಿದ ಮೇಲೆ ಮೂಲೆಗಳನ್ನು ಒಳಗಿನಿಂದ ತಿವಿದು ಚೂಪು ಮಾಡಬೇಕು. ಕೈಗೆ ಸಿಕ್ಕಿದ ಹಂಚಿಕಡ್ಡಿಯಿಂದ ತಿವಿದೆ. ಕಸ ಗುಡಿಸುವ ತೆಂಗಿನ ಗರಿಯ ಕಡ್ಡಿ ಅದು, ಬಟ್ಟೆಯನ್ನು ತೂತು ಮಾಡಿಕೊಂಡು ನನ್ನ ಹೆಬ್ಬೆರಳನ್ನೂ ಮಾತಾಡಿಸಿತು. “ಚಮಚದ ಹಿಡಿ ಇಲ್ವಾ ಮನೇಲಿ?” ಎಂದು ಇವಳು ಗದರಿದಳು. ಕೊಬ್ಬರಿ ತಿರುವಿ ದಪ್ಪಗಾದ ನನ್ನ ಬೆರಳಿಗೆ ಗಂಟು ಹೊಲಿಗೆ ಬಗ್ಗಲಿಲ್ಲ. ಫೋಟೋ ಕಳಿಸಿದೆ. “ಅದೇನ್ರೀ, ತೆಂಗಿನ ಮರದಲ್ಲಿ ಹಲಸಿನಕಾಯಿ ಬಿಟ್ಟೈತೆ?” ಎಂದು ಕೇಳಿದಳು. ಮಗಳಿಗೂ ತೋರಿಸಿದಳಂತೆ. ಬಾಣಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ.

ಕಲಿಕೆಗಿಂತ ನನಗೆ ಹಿಡಿಸಿದ್ದು ಬೇರೆ. ಮಿಷನ್ ಮರ ಹೊಲಿಯುವಷ್ಟು ಹೊತ್ತು ನಮ್ಮಿಬ್ಬರಿಗೂ ಮಾಡಲು ಏನೂ ಇರುತ್ತಿರಲಿಲ್ಲ. ಬುಡದಿಂದ ಗರಿಯ ತನಕ ಸೂಜಿ ಹತ್ತಬೇಕು. ಅಲ್ಲಿಯ ತನಕ ಅತ್ತ ಇವಳು ಮಗುವಿನ ಬಟ್ಟೆ ಮಡಚುತ್ತ, ಇತ್ತ ನಾನು ಸೂಜಿ ನೋಡುತ್ತ, ಏನಾದರೂ ಮಾತಾಡಲೇಬೇಕು. ಮಗು ಯಾರ ಹಾಗೆ ಆಕಳಿಸುತ್ತದೆ, ಮಗಳ ಮಹಡಿ ಮನೆಯಲ್ಲಿ ರಂಗೋಲಿ ಹಾಕಲು ಎಷ್ಟು ಚೂರು ಜಾಗ, ಇವಳ ಮಂಡಿ ನೋವು ಎಡದಿಂದ ಬಲಕ್ಕೆ ಬಂದದ್ದು, ಇಂಥವು. ಒಂದು ದಿನ ಇವಳು ಹೇಳಿದಳು.

“ಇವತ್ತು ಅಂಗಡೀಲಿ ತೆಂಗಿನಕಾಯಿ ತಗಂಡೆ ಕಣ್ರೀ. ದುಡ್ಡು ಕೊಟ್ಟು.”

“ನಾವು ಕೊಟ್ಟು ಕಳ್ಸಿದ್ದೆಲ್ಲ ಆಗೋಯ್ತಾ?”

“ಆಗೋಯ್ತು. ಅವನು ಕಾಯಿ ಕೈಗೆ ಕೊಟ್ಟ, ನಾನು ಅಲ್ಲಾಡ್ಸಿ ನೋಡ್ತಾ ನಿಂತಿದ್ದೆ. ಬೇಕಾದ್ರೆ ತಗಳಮ್ಮ, ಇಲ್ಲಾಂದ್ರೆ ಬುಡಮ್ಮ ಅಂದ. ನಂಗೆ ಅಳು ಬಂದ್ಬುಡ್ತು.”

ಹುಟ್ಟಿದ್ದು ಹುಳಿಯಾರಿನಾಚೆ ಕೆಂಕೆರೆಯಲ್ಲಿ, ಬಾಳಿದ್ದು ತಿಪಟೂರಿನಲ್ಲಿ. ಕಾಯಿಗೆ ದುಡ್ಡು ಕೊಡಬೇಕಾದ ಸಂದರ್ಭ ಇವಳ ಜೀವನದಲ್ಲಿ ಬಂದಿರಲಿಲ್ಲ. “ಒಳ್ಳೆ ಕಾಯಿ ಇತ್ತಾ?” ಎಂದು ಕೇಳಿದೆ. “ಹೂಂ, ಇತ್ತು,” ಎಂದು ಮೂಗು ಒರೆಸಿಕೊಂಡಳು. ಅಷ್ಟು ಹೊತ್ತಿಗೆ ಮರ ಮುಗಿದು ಮಿಷನ್ ನಿಂತಿತು. ಆ ದಿನ ನಾನು ಮುಂದಿನ ಬಟ್ಟೆಯನ್ನು ಬಲು ನಿಧಾನವಾಗಿ ಬಿಗಿದೆ.

ಗೃಹಪ್ರವೇಶದ ಹೊತ್ತಿಗೆ ಎಲ್ಲ ಮುಗಿಸಿ ಕೊಟ್ಟೆ. ತಾಂಬೂಲ ತೆಗೆದುಕೊಂಡವರಲ್ಲಿ ಹಲವರು ಅದರಿಂದ ಮುಖ ಒರೆಸಿಕೊಂಡದ್ದನ್ನು ಕಣ್ಣಾರೆ ಕಂಡೆ. ಒಬ್ಬರು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಗೊನೆಗಳು ಎದ್ದು ಕಾಣುತ್ತಿದ್ದವು, ನನ್ನ ಕೈಯವೂ ಸೇರಿ.

ಅದೇ ವಾರ ಅಳಿಯ ಫೋನ್ ಮಾಡಿದ. ಒಳ್ಳೆ ಹುಡುಗ, ನನ್ನ ಹತ್ತಿರ ಮಾತಾಡುವಾಗ ಈಗಲೂ ಎದ್ದು ನಿಂತೇ ಮಾತಾಡುತ್ತಾನೆಂದು ಸುಮಾ ಹೇಳುತ್ತಾಳೆ. “ಮಾವ, ಸುಮಾ ರಜ ಮುಗೀತಾ ಬಂತು. ಅತ್ತೆ ಇಲ್ಲೇ ಇರ್ಲಿ, ಚಿಕ್ಕದು ಸ್ಕೂಲಿಗೆ ಹೋಗೋ ತನಕ. ನೀವೂ ಬಂದ್ಬಿಡಿ,” ಎಂದ. ಚಿಕ್ಕದಕ್ಕೆ ಆಗಿನ್ನೂ ಕತ್ತು ನಿಲ್ಲುತ್ತಿರಲಿಲ್ಲ. ಸ್ಕೂಲಿಗೆ ಹೋಗುವುದೆಂದರೆ ಎಷ್ಟು ಕಾಲ ಎಂದು ಯಾರಿಗಾದರೂ ತಿಳಿಯುತ್ತದೆ. ನಾನಂತೂ ಅಲ್ಲಿ ಹೋಗಿ ಇರಲಾರೆ. ನಾಮಕರಣಕ್ಕೆ ಹೋಗಿದ್ದಾಗ ಆ ಮನೆಯ ಸೋಫಾದ ಮೇಲೆ, ಯಾರೋ ಬಂದು ತೆಗೆದುಕೊಂಡು ಹೋಗಲೆಂದು ಇಟ್ಟ ಪಾರ್ಸೆಲ್ಲಿನಂತೆ ಕೂತಿದ್ದೆ. ಇಲ್ಲಿ ಅಟ್ಟದ ತುಂಬ ಕಾಯಿ ಇದೆ, ಇಲಿ ಇದೆ, ತೋಟಕ್ಕೆ ನೀರು ಬಿಡುವುದಿದೆ. ಇದನ್ನೆಲ್ಲ ಹೇಳಬಹುದಾಗಿತ್ತು. ನಾನು ಹೇಳಿದ್ದು, “ಆಗ್ಲಿ ಬಿಡಪ್ಪ, ಅದಕ್ಕೇನಂತೆ. ನಂದು ಹೇಗೋ ನಡೀತದೆ.”

ಆ ‘ಅದಕ್ಕೇನಂತೆ’ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡ ಮನುಷ್ಯನ ಹಾಗೆ ಕೇಳಿಸಬೇಕೆಂದು ಬಂದಿರಬೇಕು. ಫೋನ್ ಇಟ್ಟ ಮೇಲೆ ಕೂತಲ್ಲೇ ಕೂತಿದ್ದೆ. ಮಗಳ ಮನೆಗೆ ಹೆಂಡತಿಯನ್ನು ಇಷ್ಟು ಸುಲಭವಾಗಿ ಬರೆದುಕೊಟ್ಟವನು ನಾನೊಬ್ಬನೇ ಇರಬೇಕು.

ಆ ಮೇಲೆ ಇವಳ ಮಾತು ಗಿಡ್ಡವಾಯಿತು. “ಊಟ ಆಯ್ತಾ?” “ಆಯ್ತು.” “ಇಡ್ಲಾ?” ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತೆವು. ಕೆಲಸ ಮುಗಿದಿದ್ದರಿಂದ ಪಾಠ ಕೇಳುವ ನೆಪವೂ ಇರಲಿಲ್ಲ.

ಮನೆ ಹೇಗಿತ್ತು ಎಂದರೆ, ಬೈಯುವವರಿಲ್ಲದೆ ಇತ್ತು. ಚಪ್ಪಲಿಯನ್ನು ನಡುಮನೆಯ ತನಕ ತಂದೆ, ಯಾರೂ ಏನೂ ಅನ್ನಲಿಲ್ಲ. ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಬಿಸಾಡಿದೆ, ಸಂಜೆಗೂ ಅಲ್ಲೇ ಇತ್ತು. ಸಂತೆಯಿಂದ ಮುದಿ ಬೆಂಡೆಕಾಯಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಸುಮ್ಮನೆ ಸ್ವಲ್ಪ ಹೊತ್ತು ನಿಂತೆ. “ಕಣ್ಣು ಕಾಣಲ್ವಾ ನಿಮಗೆ?” ಅನ್ನಬೇಕಾದವರು ದಾವಣಗೆರೆಯಲ್ಲಿದ್ದರು. ನನಗೆ ಇವಳು ಬೇಕಾಗಿತ್ತು. ಅಡುಗೆಗಲ್ಲ, ಅನ್ನ ಸಾರು ನಾನು ಹೇಗೋ ಮಾಡಿಕೊಳ್ಳುತ್ತೇನೆ. ಮನೆಯೊಳಗೆ ಇವಳು ಓಡಾಡುತ್ತಿರಬೇಕಿತ್ತು, ಅಷ್ಟೆ. ಆ ಟರಟರ ಸದ್ದು ಬೇಕಾಗಿತ್ತು.

ಅದಕ್ಕೇ ಮತ್ತೆ ಮಿಷನ್ನಿನ ಮುಂದೆ ಕೂತೆ. ಇವಳ ಪೆಟ್ಟಿಗೆಯಲ್ಲಿ ಉಳಿದಿದ್ದ ಚೂರು ಬಟ್ಟೆ ತೆಗೆದೆ. ಯಾರೂ ಕೇಳದ ಕೋಸ್ಟರುಗಳನ್ನು ಹೊಲಿಯತೊಡಗಿದೆ. ಕೈ ಕೂತಿತ್ತು, ಹಿಂಬದಿಯ ಬಟ್ಟೆ ಮಕಾಡೆಯೇ ಬೀಳುತ್ತಿತ್ತು, ಮೂಲೆಗಳು ಚಮಚದ ಹಿಡಿಗೆ ಸೊಗಸಾಗಿ ಎದ್ದು ಬರುತ್ತಿದ್ದವು, ಗೊನೆಯ ಕಾಯಿ ಕಾಯಿಯ ಗಾತ್ರಕ್ಕೇ ಬರುತ್ತಿತ್ತು. ಇದನ್ನು ಇವಳಿಗೆ ಹೇಳಿದ್ದರೆ ಸಂತೋಷಪಡುತ್ತಿದ್ದಳು. ಆದರೆ ಹೇಳಿದರೆ ಫೋನ್ ಮಾಡಲು ಕಾರಣವೇ ಹೋಗುತ್ತಿತ್ತಲ್ಲ. ಆದ್ದರಿಂದ ಫೋನ್ ಮಾಡಿ, “ದಾರ ಕಿತ್ತೋಯ್ತು ಕಣೇ, ಏನ್ಮಾಡ್ಲಿ?” ಎಂದೆ. ಇವಳು ಪಾಪ, ದಾರ ಪೋಣಿಸುವುದನ್ನು ಮೊದಲಿನಿಂದ ಹೇಳಿಕೊಟ್ಟಳು. ಇನ್ನೊಂದು ದಿನ ಸೂಜಿ ಮುರಿಯಿತು. ಮತ್ತೊಂದು ದಿನ ಕೆಳಗಿನ ಬಾಬಿನ್ ಸಿಕ್ಕಿಕೊಂಡಿತು. ಮಿಷನ್ನಿಗೆ ಬರಬಹುದಾದ ಕಾಯಿಲೆಗಳೆಲ್ಲ ನಮ್ಮ ಮನೆಯ ಮಿಷನ್ನಿಗೆ ಬಂದವು. ಎಲ್ಲಕ್ಕೂ ಇವಳು ಮದ್ದು ಹೇಳುತ್ತಿದ್ದಳು. ಹೇಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಮಗುವಿನ ಮಾತಾಡುತ್ತಿದ್ದಳು. ನನಗೆ ಅಷ್ಟು ಸಾಕಾಗುತ್ತಿತ್ತು. ಸಾಕಾಗುತ್ತಿರಲಿಲ್ಲ.

ಸಿದ್ದರಾಮಣ್ಣ ಕಾಫಿಯ ಲೋಟಕ್ಕೆ ಬಟ್ಟೆ ಮುಚ್ಚಿ ಹೋದ ದಿನ ಮಧ್ಯಾಹ್ನವೂ ಹಾಗೇ ಮಾಡಿದೆ. ಮಿಷನ್ನಿಗೆ ಬಟ್ಟೆ ಕೊಟ್ಟು ಗುಂಡಿ ಒತ್ತಿ, ಪಕ್ಕದಲ್ಲೇ ಕೂತು ಫೋನ್ ಮಾಡಿದೆ.

“ದಾರ ಮತ್ತೆ ಕಿತ್ತೋಯ್ತು ಕಣೇ.”

ಅತ್ತ ಮಗುವನ್ನು ತಟ್ಟುತ್ತಿದ್ದ ಸದ್ದು ನಿಂತಿತು.

“ರೀ, ಮಿಷನ್ ಓಡ್ತಾ ಐತಲ್ರೀ.”

ನಾನು ಗಾಬರಿಯಾಗಿ ಮಿಷನ್ ನೋಡಿದೆ. ಸೂಜಿ ಟರಟರ ಎಂದು ಮರ ಹತ್ತುತ್ತಿತ್ತು.

“ದಾರ ಕಿತ್ರೆ ಅದು ತಾನೇ ನಿಂತ್ಕಂತದೆ. ನಿಂತ್ಕಂಡು ಕುಯ್ ಕುಯ್ ಅಂತದೆ. ನಿಮ್ಮದು ಹೋದ ವಾರವೂ ಓಡ್ತಾ ಇತ್ತು, ಅದರ ಹಿಂದಿನ ವಾರವೂ ಓಡ್ತಾ ಇತ್ತು.”

“ಮತ್ತೆ ನೀನ್ಯಾಕೆ ದಾರ ಪೋಣಿಸೋದು ಹೇಳ್ಕೊಟ್ಟೆ?”

“ನೀವ್ಯಾಕೆ ಕಿತ್ತೋಯ್ತು ಅಂದ್ರಿ?”

ಇಬ್ಬರೂ ಮಿಷನ್ನಿನ ಸದ್ದು ಕೇಳುತ್ತ ಕೂತೆವು. ಆಮೇಲೆ ಇವಳೇ ಮಾತಾಡಿದಳು. ದನಿ ತಗ್ಗಿತ್ತು.

“ಅಳಿಯ ಕೇಳಿದ್ದಕ್ಕೆ ಆಗ್ಲಿ ಅಂದ್ರಂತೆ. ಅದಕ್ಕೇನಂತೆ ಅಂದ್ರಂತೆ.”

“ಮತ್ತೇನ್ ಅನ್ಬೇಕಿತ್ತು? ಮಗಳಿಗೆ ತೊಂದ್ರೆ ಅಲ್ವಾ?”

“ಎದುರುಮನೇಲಿ ಒಬ್ಬಮ್ಮ ಮಗೂನ ನೋಡ್ಕಂತೀನಿ ಅಂತ ಆವಾಗ್ಲೇ ಹೇಳವ್ರೆ. ಒಳ್ಳೆಯವ್ರು. ಸುಮಂಗೂ ಸರಿ ಅನ್ಸೈತೆ. ನಾನೇ ಏನೂ ಹೇಳ್ಲಿಲ್ಲ. ಅಲ್ಲಿ ನೀವು ಆಗ್ಲಿ ಅಂದ್ಮೇಲೆ ನಾನು ಬತ್ತೀನಿ ಅಂತ ಯಾರಿಗೇಳ್ಲಿ? ನಾನಿಲ್ದಿದ್ರೂ ನಿಮಗೆ ನಡೀತದೇನೋ ಅಂದ್ಕಂಡೆ.”

“ನಡೀತಿಲ್ಲ,” ಎಂದೆ.

“ಏನು?”

“ನಡೀತಿಲ್ಲ ಕಣೇ. ನೀನು ಬಂದ್ಬುಡು. ನೀನಿಲ್ದೆ ನಂಗೆ ಮನೇಲಿ ಇರಕ್ಕಾಗ್ತಿಲ್ಲ.”

ಹೇಳಿಬಿಟ್ಟೆ. ಮದುವೆಯಾದಾಗಿನಿಂದ ಆಡದ ಮಾತು, ಮುದುಕನಾದ ಮೇಲೆ, ಹಗಲು ಹೊತ್ತಿನಲ್ಲಿ, ಸ್ಪೀಕರ್ ಆನ್ ಇದ್ದಾಗ. ಕಿಟಕಿಯಾಚೆ ಸಿದ್ದರಾಮಣ್ಣ ಏನಾದರೂ ಇದ್ದಾರೆಯೇ ಎಂದು ಒಮ್ಮೆ ಬಗ್ಗಿ ನೋಡಿಯೂಬಿಟ್ಟೆ.

ಇವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. “ಇಷ್ಟು ಹೇಳಕ್ಕೆ ಅಷ್ಟು ಬಟ್ಟೆ ಹಾಳು ಮಾಡಿದ್ರಾ?” ಅಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಕಾಯಿ ಅಲ್ಲಾಡಿಸಿ ಹದ ಹೇಳುವ ನನ್ನ ಕಿವಿಗೆ ಗೊತ್ತಾಗಲಿಲ್ಲ.

ಆಮೇಲೆ ಕೇಳಿದಳು. “ಕರಿಯಕ್ಕೆ ಯಾರನ್ನ ಕಳಿಸ್ತೀರಾ?”

ನಮ್ಮಲ್ಲಿ ಹೋದ ಹೆಣ್ಣುಮಗಳು ತಾನಾಗಿ ಎದ್ದು ಬರುವುದಿಲ್ಲ, ಗಂಡನ ಮನೆಯವರು ಯಾರಾದರೂ ಹೋಗಿ ಕರೆದುಕೊಂಡು ಬರಬೇಕು. ಹೊಸದರಲ್ಲಿ ಇವಳು ಕೆಂಕೆರೆಗೆ ಹೋದಾಗಲೆಲ್ಲ ಅಪ್ಪ ಹೋಗುತ್ತಿದ್ದರು, ಆಮೇಲೆ ತಮ್ಮ ಹೋಗುತ್ತಿದ್ದ. ಹೆಂಡತಿಯನ್ನು ಕರೆಯಲು ಗಂಡನೇ ಬಸ್ಸು ಹತ್ತಿದರೆ ನಮ್ಮ ಮನೆಯಲ್ಲಿ ಆಡಿಕೊಂಡು ನಗುತ್ತಿದ್ದರು. ಹಾಗೆ ನಗಿಸಿಕೊಳ್ಳುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ. ಇವಳು ಅದರ ಬಗ್ಗೆ ಒಂದು ಮಾತು ಎತ್ತಿದವಳಲ್ಲ. ಮರೆತಿದ್ದಾಳೆ ಎಂದುಕೊಂಡಿದ್ದೆ.

“ಯಾರನ್ನೂ ಕಳಿಸಲ್ಲ,” ಎಂದೆ. “ನಾನೇ ಬತ್ತೀನಿ.”

ಅಷ್ಟರಲ್ಲಿ ಮರ ಮುಗಿದು ಮಿಷನ್ ನಿಂತುಹೋಯಿತು.

“ಬೆಳಗಿನ ರೈಲಿಗೆ ಬನ್ನಿ,” ಅಂದಳು ಇವಳು. “ಬಂದೋರು ಮೇಲೆ ಹತ್ತಿ ಬೆಲ್ ಒತ್ತಬೇಡಿ, ಮಗು ಮಲಗಿರ್ತದೆ. ನಾನು ಕೆಳಗೆ ಗೇಟಲ್ಲೇ ನಿಂತಿರ್ತೀನಿ.”